ದತ್ತು ಮಗನೂ ದಾಯಾದಿಗಳ ತಕರಾರೂ

ಅಪ್ಪ ನನ್ನನ್ನು ಮೊದಲು ಕೇಳಿದ್ದು ಕುಟುಂಬ ನ್ಯಾಯಾಲಯ ಎಲ್ಲಿದೆ ಎಂದು. 2020ರ ಕೊನೆಯ ದಿನಗಳು. ಊರಿನಿಂದ ಫೋನ್ ಮಾಡಿದ್ದರು. 'ಇದು ಮನೆ ವಿಚಾರ ತಾನೇ ಕಣವ್ವಾ? ಮನೆ ವಿಚಾರಕ್ಕೆ ಅಂತ್ಲೇ ಒಂದು ಕೋರ್ಟ್ ಮಡಗವ್ರಂತಲ್ಲ, ಅಲ್ಲಿಗೇ ಹಾಕುವಾ' ಎಂದರು. ಕಾನೂನು ಕಾಲೇಜಿನಲ್ಲಿ ಎರಡು ದಶಕಗಳಿಂದ ಕುಟುಂಬ ಕಾನೂನನ್ನು ಪಾಠ ಮಾಡಿಕೊಂಡು ಬಂದಿರುವ ಮಗಳು ಇಂಥ ಪ್ರಶ್ನೆಗೆ ಉತ್ತರ ಕೊಡಲಾರಳೇ ಎಂಬುದು ಅವರ ಎಣಿಕೆಯಾಗಿದ್ದೀತು. ನಾನು ಕೂಡಲೇ ಉತ್ತರಿಸಲಿಲ್ಲ. ಅವರು ಯಾರ ಮೇಲೆ ದಾವೆ ಹೂಡಲು ಹೊರಟಿದ್ದಾರೆಂಬುದು ಕೇಳದೆಯೇ ನನಗೆ ಗೊತ್ತಾಗಿತ್ತು.

ನಮ್ಮದು ಹಾರೋಹಳ್ಳಿಗೆ ಹೊಂದಿಕೊಂಡ ಒಂದು ಹಳ್ಳಿ. ಅಪ್ಪನಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಮೂವರ ನಡುವೆ ಪಾಲುಪಾರೀಕತ್ತು 1979ರಲ್ಲಿಯೇ ಆಗಿತ್ತು. ದೊಡ್ಡಪ್ಪ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. 1986ರ ಬೇಸಿಗೆಯಲ್ಲಿ ಅವರು ದೊಡ್ಡಮ್ಮನ ತಂಗಿಯ ಮಗನನ್ನು ದತ್ತು ತೆಗೆದುಕೊಂಡರು. ಅವನಿಗೆ ಆಗ 11 ವರ್ಷ, ನನಗೆ 12. 1998ರಲ್ಲಿ ದೊಡ್ಡಪ್ಪ ತೀರಿಕೊಂಡರು, 2019ರಲ್ಲಿ ದೊಡ್ಡಮ್ಮ. ಇಬ್ಬರ ಚಿತೆಗೂ ಬೆಂಕಿ ಇಟ್ಟವನು ಅವನೇ. ತಿಥಿಯೂಟಕ್ಕೆ ಅಪ್ಪ, ಚಿಕ್ಕಪ್ಪ ಇಬ್ಬರೂ ಪಂಕ್ತಿಯಲ್ಲಿ ಕೂತಿದ್ದರು. ಅವನು ಮಗನಲ್ಲ ಎಂದು ಆಗ ಯಾರೂ ಹೇಳಲಿಲ್ಲ.

ಹೇಳುವ ಹೊತ್ತು ಬಂದದ್ದು 3 ಎಕರೆ 20 ಗುಂಟೆಯ ಪಹಣಿಯಲ್ಲಿ ಹೆಸರು ಬದಲಾಗಬೇಕಾದಾಗ.

ಹಾರೋಹಳ್ಳಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಕನಕಪುರ ತಾಲ್ಲೂಕಿನ ಒಂದು ಹೋಬಳಿಯಾಗಿದ್ದ ಊರು ಈಗ ತಾಲ್ಲೂಕು ಕೇಂದ್ರ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರನ್ನೂ ಪಡೆಯಿತು. ರಾಗಿ ಮತ್ತು ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಗಳ ಮಗ್ಗುಲಲ್ಲಿ ಕೈಗಾರಿಕಾ ಪ್ರದೇಶ ಬಂತು, ಕಾರ್ಖಾನೆಗಳ ಕಾಂಪೌಂಡು ಬಂತು, ವಿಶ್ವವಿದ್ಯಾಲಯ ಬಂತು. ಕನಕಪುರ ರಸ್ತೆಯುದ್ದಕ್ಕೂ ಬಡಾವಣೆಗಳ ಫಲಕಗಳು ಎದ್ದವು. ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ವರ್ಷ ತಳ್ಳುತ್ತಿದ್ದವರು ಗುಂಟೆಯ ಲೆಕ್ಕದಲ್ಲಿ ಮಾತಾಡತೊಡಗಿದರು. ದೊಡ್ಡಪ್ಪನ ಹೊಲ ಹಿಂದೆ ಕಲ್ಲುಭೂಮಿಯೆಂದು ಪಾಲಿನಲ್ಲಿ ಅವರ ತಲೆಗೆ ಕಟ್ಟಿದ್ದು. ಈಗ ಅದರ ಒಂದು ಮೂಲೆ ಡಾಂಬರು ರಸ್ತೆಗೆ ತಾಗುತ್ತದೆ.

ಲೆಕ್ಕ ಸರಳವಾಗಿದೆ. ದತ್ತಕ ನಿಂತರೆ ಜಮೀನು ಪೂರ್ತಿ ಅವನದು. ದತ್ತಕ ಬಿದ್ದರೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ, ಮಕ್ಕಳಿಲ್ಲದೆ, ಉಯಿಲು ಬರೆಯದೆ ಸತ್ತ ವಿಧವೆಗೆ ಗಂಡನಿಂದ ಬಂದ ಆಸ್ತಿ ಗಂಡನ ವಾರಸುದಾರರಿಗೆ ಹಿಂದಿರುಗುತ್ತದೆ. ಅಂದರೆ ನನ್ನ ಅಪ್ಪನಿಗೆ, ಚಿಕ್ಕಪ್ಪನಿಗೆ. ಅವರ ಮೂಲಕ ಮುಂದೊಂದು ದಿನ ನನಗೂ ಒಂದಿಷ್ಟು. ಈ ಲೇಖನ ಬರೆಯುವವಳಿಗೆ ಆ ಹೊಲದಲ್ಲಿ ಹಿತಾಸಕ್ತಿಯಿದೆ ಎಂಬುದನ್ನು ಓದುಗರು ಮೊದಲೇ ತಿಳಿದಿರುವುದು ಒಳ್ಳೆಯದು.

ಅಪ್ಪನ ಪ್ರಶ್ನೆಗೆ ಬರುತ್ತೇನೆ. ದತ್ತಕವನ್ನು ಪ್ರಶ್ನಿಸಲು ಕುಟುಂಬ ನ್ಯಾಯಾಲಯಕ್ಕೆ ಹೋಗಬೇಕು ಎಂದು ಭಾವಿಸುವವರಲ್ಲಿ ಅವರು ಮೊದಲಿಗರಲ್ಲ, ಹಾಗೆ ಭಾವಿಸುವುದರಲ್ಲಿ ಪೂರ್ತಿ ತಪ್ಪೂ ಇಲ್ಲ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ಆ ನ್ಯಾಯಾಲಯಗಳಿಗೆ ವಿವಾಹ, ವಿಚ್ಛೇದನ, ಜೀವನಾಂಶಗಳ ಜೊತೆಗೆ ಅಪ್ರಾಪ್ತ ಮಕ್ಕಳ ಪೋಷಕತ್ವ, ವಶ ಮತ್ತು ಭೇಟಿಯ ವಿಷಯಗಳನ್ನೂ ವಹಿಸಿದೆ. ಬಾಲನ್ಯಾಯ ಕಾಯ್ದೆಯಡಿ ಅನಾಥ, ಪರಿತ್ಯಕ್ತ ಅಥವಾ ಹೆತ್ತವರು ಒಪ್ಪಿಸಿದ ಮಕ್ಕಳನ್ನು ದತ್ತು ಕೊಡುವಾಗ ಅಂತಿಮ ಆದೇಶ ಹೊರಡಿಸುತ್ತಿದ್ದುದೂ ನ್ಯಾಯಾಲಯವೇ. 2015ರ ಕಾಯ್ದೆಯ ವ್ಯಾಖ್ಯೆಯಲ್ಲಿ ಜಿಲ್ಲಾ ನ್ಯಾಯಾಲಯದೊಡನೆ ಕುಟುಂಬ ನ್ಯಾಯಾಲಯವೂ ಸೇರಿತ್ತು. ಆದರೆ 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಮೇಲೆ ಆ ಅಧಿಕಾರ ಜಿಲ್ಲಾಧಿಕಾರಿಯ ಕೈಗೆ ಹೋಗಿದೆ. ಆ ಆದೇಶದಿಂದ ನೊಂದವರು 30 ದಿನಗಳೊಳಗೆ ವಿಭಾಗೀಯ ಆಯುಕ್ತರಿಗೆ, ನಮ್ಮಲ್ಲಿನ ಹೆಸರಿನಲ್ಲಿ ಹೇಳುವುದಾದರೆ ಪ್ರಾದೇಶಿಕ ಆಯುಕ್ತರಿಗೆ, ಮೇಲ್ಮನವಿ ಸಲ್ಲಿಸಬೇಕು. ನ್ಯಾಯಾಲಯಗಳಲ್ಲಿ ಕಡತಗಳು ವರ್ಷಗಟ್ಟಲೆ ಕೊಳೆಯುತ್ತವೆ, ಮಗು ಅಷ್ಟರಲ್ಲಿ ಬೆಳೆದುಬಿಡುತ್ತದೆ ಎಂಬುದು ಬದಲಾವಣೆಗೆ ಕೊಟ್ಟ ಕಾರಣ. ಕಾರಣ ಸುಳ್ಳಲ್ಲ. ಆದರೂ ಮಗುವೊಂದರ ತಾಯ್ತಂದೆಯರು ಯಾರೆಂಬುದನ್ನು ಕಂದಾಯ, ಚುನಾವಣೆ, ಬರ ಪರಿಹಾರಗಳ ನಡುವೆ ಅಧಿಕಾರಿಯೊಬ್ಬರು ತೀರ್ಮಾನಿಸುವುದು ನನಗೆ ಇಂದಿಗೂ ಸಮಾಧಾನ ತಂದಿಲ್ಲ.

ಮಕ್ಕಳ ವಿಷಯದಲ್ಲಿ ಬಂಧುಗಳ ತಕರಾರು ಬೇರೆಯದೇ ಬಗೆಯದು. ಅಲ್ಲಿ ಜಮೀನಿನ ಬದಲು ಮಗುವೇ ಇರುತ್ತದೆ. 2021ರಲ್ಲಿ ತಿರುವನಂತಪುರದ ಕುಟುಂಬ ನ್ಯಾಯಾಲಯದ ಮುಂದೆ ಬಂದ ಪ್ರಕರಣ ನೆನಪಿರಬಹುದು. ತನ್ನ ಒಪ್ಪಿಗೆಯಿಲ್ಲದೆ ತನ್ನ ಹೆತ್ತವರೇ ಹಸುಗೂಸನ್ನು ದತ್ತಿಗೆ ಸಾಗಿಸಿದರೆಂದು ಯುವ ತಾಯಿಯೊಬ್ಬಳು ಬೀದಿಯಲ್ಲಿ ಕೂತು ಹೋರಾಡಿದಳು. ಆಂಧ್ರಪ್ರದೇಶದ ದಂಪತಿಯ ಮಡಿಲಲ್ಲಿದ್ದ ಮಗುವನ್ನು ಡಿಎನ್‌ಎ ಪರೀಕ್ಷೆಯ ನಂತರ ಆ ವರ್ಷದ ನವೆಂಬರ್‌ನಲ್ಲಿ ನ್ಯಾಯಾಲಯ ತಾಯಿಗೆ ಮರಳಿಸಿತು. ಆ ದಂಪತಿ ಏನು ತಪ್ಪು ಮಾಡಿದ್ದರು? ಸಾಲಿನಲ್ಲಿ ನಿಂತು, ನಿಯಮದ ಪ್ರಕಾರ ಮಗುವನ್ನು ಪಡೆದಿದ್ದರು. ಕೋವಿಡ್‌ನ ಎರಡನೇ ಅಲೆ ಕೆಲವೇ ವಾರಗಳಲ್ಲಿ ತಂದೆ ತಾಯಿ ಇಬ್ಬರನ್ನೂ ಕಿತ್ತುಕೊಂಡ ಗುಜರಾತಿನ ಬಾಲಕನೊಬ್ಬನ ವಿಷಯದಲ್ಲಿ ಅಜ್ಜ ಅಜ್ಜಿಯರೂ ತಾಯಿಯ ತಂಗಿಯೂ ಎದುರಾಬದುರಾದರು. ಹೈಕೋರ್ಟು ಚಿಕ್ಕಮ್ಮನ ಪರ ನಿಂತಿತು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ವಯಸ್ಸು ಮತ್ತು ವರಮಾನವಷ್ಟೇ ಅಳತೆಗೋಲಾಗಬಾರದೆಂದು ಹೇಳಿ, ತಂದೆಯ ಹೆತ್ತವರಿಗೆ ಮಗುವನ್ನು ಒಪ್ಪಿಸಿತು. ಅದು ದತ್ತಕವಲ್ಲ, ವಶದ ಪ್ರಶ್ನೆ. ಆದರೂ ರಕ್ತಸಂಬಂಧಿಗಳು ನ್ಯಾಯಾಲಯದ ಬಾಗಿಲು ತಟ್ಟುವುದಕ್ಕೆ ಆಸ್ತಿಯ ಹೊರತಾದ ಕಾರಣಗಳೂ ಇರುತ್ತವೆ ಎಂಬುದಕ್ಕೆ ಈ ಎರಡನ್ನು ತರಗತಿಯಲ್ಲಿ ನಾನು ಉದಾಹರಿಸುವುದುಂಟು.

ಅಪ್ಪನ ಪ್ರಕರಣ ಹಾಗಿರಲಿಲ್ಲ. ದತ್ತು ಹೋದ 'ಮಗು'ವಿಗೆ 45 ದಾಟಿತ್ತು, ತಲೆ ನರೆತಿತ್ತು. ಇಂಥ ವ್ಯಾಜ್ಯಕ್ಕೆ ಸಿವಿಲ್ ನ್ಯಾಯಾಲಯವೇ ಗತಿ. ಹಾಗೆಂದು ಹೇಳಿದೆ. 'ಅಲ್ಲಿಗೇ ಆಯ್ತು ಬುಡು' ಎಂದರು.

ದತ್ತಕಕ್ಕೂ ದಾಯಾದಿಗಳ ಸಂಕಟಕ್ಕೂ ನಮ್ಮ ನಾಡಿನಲ್ಲಿ ಹಳೆಯ ನಂಟಿದೆ. ಕಿತ್ತೂರಿನ ಶಿವಲಿಂಗರುದ್ರ ಸರ್ಜನು 1824ರಲ್ಲಿ ಸಾಯುವ ಮುನ್ನ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡ. ಅದನ್ನು ಒಪ್ಪಲಾರೆನೆಂದವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ಆ ವರ್ಷದ ಅಕ್ಟೋಬರ್ 23ರ ಯುದ್ಧದಲ್ಲಿ ಅವನು ಮಡಿದ. ರಾಣಿ ಚೆನ್ನಮ್ಮನ ಕಥೆಯನ್ನು ನಾವು ಸ್ವಾತಂತ್ರ್ಯದ ಕಥೆಯಾಗಿ ಓದುತ್ತೇವೆ, ಅದು ಸರಿಯೇ. ಆದರೆ ಅದರ ಮೊದಲ ಪುಟದಲ್ಲಿರುವುದು ಒಂದು ದತ್ತಕದ ಸಿಂಧುತ್ವದ ಪ್ರಶ್ನೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ತೆಗೆದುಕೊಂಡ ದತ್ತುವನ್ನು ಬ್ರಿಟಿಷರು ಮನ್ನಿಸಲು 1867ರವರೆಗೆ ಕಾಯಬೇಕಾಯಿತು. ಅದೇ ಮನೆತನದಲ್ಲಿ 2015ರ ಫೆಬ್ರುವರಿಯಲ್ಲಿ ಯದುವೀರರ ದತ್ತಕ ನಡೆದಾಗ ಹತ್ತಿರದ ಬಂಧುವೊಬ್ಬರು ಬಹಿರಂಗವಾಗಿ ಅಸಮಾಧಾನ ತೋಡಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅರಮನೆಗೂ ಹಟ್ಟಿಗೂ ಈ ವಿಷಯದಲ್ಲಿ ಅಂತರವೇನೂ ಇಲ್ಲ.

1956ಕ್ಕೆ ಮೊದಲು ದಾಯಾದಿಯ ಮಾತಿಗೆ ಕಾನೂನಿನಲ್ಲಿಯೇ ಬೆಲೆಯಿತ್ತು. ಗಂಡನ ಅನುಮತಿ ಪಡೆಯದೆ ವಿಧವೆಯಾದವಳು ದತ್ತು ತೆಗೆದುಕೊಳ್ಳಬೇಕಾದರೆ ಮದ್ರಾಸ್ ಸೀಮೆಯಲ್ಲಿ ಗಂಡನ ಸಪಿಂಡರ ಒಪ್ಪಿಗೆ ಬೇಕೆಂದು ಪ್ರಿವಿ ಕೌನ್ಸಿಲ್ 1868ರ ರಾಮನಾಡ್ ಪ್ರಕರಣದಲ್ಲಿ ಹೇಳಿತು. ಮುಂಬಯಿ ಸೀಮೆಯಲ್ಲಿ ಅಂಥ ಒಪ್ಪಿಗೆ ಬೇಕಿರಲಿಲ್ಲ. ಕನ್ನಡನಾಡು ಈ ಎರಡು ಸೀಮೆಗಳಿಗೂ ಹಂಚಿಹೋಗಿದ್ದರಿಂದ ಧಾರವಾಡದ ವಿಧವೆಗೆ ಇದ್ದ ಸ್ವಾತಂತ್ರ್ಯ ಬಳ್ಳಾರಿಯ ವಿಧವೆಗೆ ಇರಲಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಈ ಭೇದವನ್ನು ಅಳಿಸಿತು. ಅಣ್ಣತಮ್ಮಂದಿರನ್ನು ಕೇಳಬೇಕಾದ ಅಗತ್ಯವಿಲ್ಲ. ಹೆಂಡತಿಯನ್ನು ಕೇಳಬೇಕು. 2010ರ ತಿದ್ದುಪಡಿಯ ನಂತರ ವಿವಾಹಿತ ಸ್ತ್ರೀಯೂ ಗಂಡನ ಒಪ್ಪಿಗೆಯೊಡನೆ ತಾನೇ ದತ್ತು ತೆಗೆದುಕೊಳ್ಳಬಹುದು. ಆದರೆ ಊರಿನ ಜಗಲಿಗಳಲ್ಲಿ ಹಳೆಯ ಕಾನೂನೇ ಇನ್ನೂ ಚಾಲ್ತಿಯಲ್ಲಿದೆ. 'ನಮ್ಮನ್ನ ಒಂದ್ ಮಾತು ಕೇಳಿದ್ನಾ ಅಣ್ಣ?' ಎಂಬುದು ಚಿಕ್ಕಪ್ಪನ ಬಾಯಿಂದ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ತಮ್ಮನ ಮಕ್ಕಳಿರುವಾಗ ಹೆಂಡತಿಯ ಕಡೆಯ ಹುಡುಗನನ್ನು ತಂದದ್ದು ಅವರ ಪಾಲಿಗೆ ಆಸ್ತಿಯ ನಷ್ಟಕ್ಕಿಂತ ಮೊದಲು ಒಂದು ಅವಮಾನ. ಮೂವತ್ತೈದು ವರ್ಷ ಅದು ಒಳಗೇ ಇತ್ತು.

ಈಗ ಕಾನೂನು ಏನನ್ನು ಕೇಳುತ್ತದೆ ನೋಡೋಣ. ದತ್ತು ಹೋಗುವವನು ಸಾಮಾನ್ಯವಾಗಿ 15 ವರ್ಷದೊಳಗಿನವನಾಗಿರಬೇಕು, ಅವಿವಾಹಿತನಾಗಿರಬೇಕು, ಸಂಪ್ರದಾಯ ಬೇರೆಯಿದ್ದರೆ ಆ ಮಾತು ಬೇರೆ. ಗಂಡುಮಗುವನ್ನು ತೆಗೆದುಕೊಳ್ಳುವವರಿಗೆ ಮಗ, ಮೊಮ್ಮಗ, ಮರಿಮಗ ಇರಬಾರದು. ಕೊಡುವ ಅಧಿಕಾರ ಇರುವುದು ತಂದೆಗೆ, ತಾಯಿಗೆ, ಅವರಿಬ್ಬರೂ ಇಲ್ಲದಂಥ ಸಂದರ್ಭಗಳಲ್ಲಿ ನ್ಯಾಯಾಲಯದ ಅನುಮತಿಯೊಡನೆ ಪೋಷಕರಿಗೆ. ಅಜ್ಜನಿಗಿಲ್ಲ, ಸೋದರಮಾವನಿಗಿಲ್ಲ. ಹೋಮ ಆಗಲೇಬೇಕೆಂದಿಲ್ಲ. ಕಾಗದವೂ ಕಡ್ಡಾಯವಲ್ಲ. ಕೊಟ್ಟವರು ಕೊಡಬೇಕು, ತೆಗೆದುಕೊಂಡವರು ತೆಗೆದುಕೊಳ್ಳಬೇಕು, ಮಗು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿತೆಂಬುದು ಕಣ್ಣಿಗೆ ಕಾಣುವಂತೆ ನಡೆಯಬೇಕು. ನಡೆದ ಮೇಲೆ ಅದನ್ನು ಯಾರೂ ರದ್ದುಮಾಡುವಂತಿಲ್ಲ, ತೆಗೆದುಕೊಂಡವರೂ ಮಾಡುವಂತಿಲ್ಲ. ಇಬ್ಬರೂ ಸಹಿ ಹಾಕಿದ ನೋಂದಾಯಿತ ದತ್ತಕಪತ್ರವಿದ್ದರೆ 16ನೇ ಕಲಮು ನೆರವಿಗೆ ಬರುತ್ತದೆ. ತಪ್ಪೆಂದು ತೋರಿಸುವವರೆಗೆ ನ್ಯಾಯಾಲಯ ಅದನ್ನು ನಂಬಬೇಕು. ಪತ್ರವಿಲ್ಲದಿದ್ದರೆ ಭಾರವೆಲ್ಲ ದತ್ತುಮಗನ ತಲೆಯ ಮೇಲೆ. ಸಹಜ ಉತ್ತರಾಧಿಕಾರವನ್ನು ಪಲ್ಲಟಗೊಳಿಸುವವನು ಅದನ್ನು ಸಂದೇಹಕ್ಕೆಡೆಯಿಲ್ಲದಂತೆ ಸಾಬೀತುಪಡಿಸಬೇಕೆಂದು ಸುಪ್ರೀಂ ಕೋರ್ಟು 1959ರಲ್ಲಿಯೇ ಕಿಶೋರಿಲಾಲ್ ಪ್ರಕರಣದಲ್ಲಿ ಹೇಳಿದೆ. ಶಾಲೆಯ ದಾಖಲೆ, ಪಡಿತರ ಚೀಟಿ ಮುಂತಾದವು ಸಾಲವು. 2020ರ ಮಾರ್ಚ್‌ನಲ್ಲಿ ತೀರ್ಮಾನವಾದ ಒಂದು ಪ್ರಕರಣದಲ್ಲಿ ಮಹಿಳೆಯೊಬ್ಬರ ಎಲ್ಲ ದಾಖಲೆಗಳಲ್ಲಿಯೂ ಸಾಕಿದವರ ಹೆಸರೇ ಇತ್ತು. ಆದರೂ ಕೊಟ್ಟು ತೆಗೆದುಕೊಂಡದ್ದೂ ಹೆಂಡತಿಯ ಒಪ್ಪಿಗೆಯೂ ಸಾಬೀತಾಗದೆ ಅವರು ಸೋತರು.

ದಾಯಾದಿಗಳೆಲ್ಲ ದುರಾಸೆಯವರು ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಮಗಳಿದ್ದರೂ ಮಗನನ್ನು ದತ್ತು ತೆಗೆದುಕೊಳ್ಳಲು ನಮ್ಮ ಕಾನೂನು ಅಡ್ಡಿ ಮಾಡುವುದಿಲ್ಲ ಎಂಬುದನ್ನು ಹೇಳಿದಾಗ ತರಗತಿಯ ಹುಡುಗಿಯರು ತಲೆಯೆತ್ತಿ ನೋಡುತ್ತಾರೆ. ಉತ್ತರ ಪ್ರದೇಶದ ಒಬ್ಬ ತಂದೆ 1967ರಲ್ಲಿ ಮಾಡಿಸಿದ ದತ್ತಕಪತ್ರವನ್ನು ಹೆಣ್ಣುಮಕ್ಕಳಿಗೆ ಆಸ್ತಿ ತಪ್ಪಿಸುವ ಹೂಟವೆಂದು ಕರೆದು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 2024ರ ಡಿಸೆಂಬರ್‌ನಲ್ಲಿ. ಆ ಪತ್ರದಲ್ಲಿ ಹೆಂಡತಿಯ ಒಪ್ಪಿಗೆಯೇ ಇರಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚಿನ ಕಾಲ ಆ ಕಾಗದ ಬದುಕಿತ್ತು. ಆ ಹೆಣ್ಣುಮಕ್ಕಳು ಪ್ರಶ್ನಿಸದಿದ್ದರೆ ಇನ್ನಾರು ಪ್ರಶ್ನಿಸಬೇಕಿತ್ತು? ಇನ್ನೊಂದು ಕಡೆ, ಸರ್ಕಾರವೇ ದಾಯಾದಿಯಂತೆ ನಡೆದುಕೊಳ್ಳುವುದೂ ಉಂಟು. ಬನಹಟ್ಟಿಯ ಅಭಿಯೋಜಕರ ಕಚೇರಿಯಲ್ಲಿ ನಾಲ್ಕನೇ ದರ್ಜೆ ನೌಕರನಾಗಿದ್ದು ತೀರಿಹೋದವನ ದತ್ತುಮಗನಿಗೆ ಅನುಕಂಪದ ನೌಕರಿ ನಿರಾಕರಿಸಿದಾಗ, ದತ್ತಾಗಲಿ ಹೆತ್ತದ್ದಾಗಲಿ ಮಗ ಮಗನೇ, ಮಗಳು ಮಗಳೇ ಎಂಬ ಅರ್ಥದ ಮಾತನ್ನು ಕರ್ನಾಟಕ ಹೈಕೋರ್ಟು 2022ರಲ್ಲಿ ಹೇಳಬೇಕಾಯಿತು.

ನಮ್ಮ ಹುಡುಗನ ಬಳಿ ಪತ್ರವಿರಲಿಲ್ಲ. ಆ ಕಾಲಕ್ಕೆ ನಮ್ಮ ಕಡೆ ಯಾರ ಬಳಿಯೂ ಇರುತ್ತಿರಲಿಲ್ಲ. 'ಸಾಕು ಮಗ' ಎಂಬುದಕ್ಕೂ 'ದತ್ತು ಮಗ' ಎಂಬುದಕ್ಕೂ ಇರುವ ಅಂತರವನ್ನು ಹಳ್ಳಿಯಲ್ಲಿ ಯಾರು ಗಮನಿಸುತ್ತಾರೆ? ಮಕ್ಕಳಿಲ್ಲದವರ ಮನೆಗೆ ಮಗುವೊಂದು ಬಂದು ಉಳಿಯಿತು ಎಂದರಾಯಿತು. ನಮ್ಮದೇ ಜಿಲ್ಲೆಯ ಹುಲಿಕಲ್‌ನ ತಿಮ್ಮಕ್ಕ ಮಕ್ಕಳಿಲ್ಲವೆಂಬ ಕೊರಗಿನಲ್ಲಿ ಆಲದ ಸಸಿಗಳನ್ನೇ ಮಕ್ಕಳೆಂದು ಸಾಕಿದರು, ಮುಂದೆ ಉಮೇಶರನ್ನು ಮಗನೆಂದು ಮಡಿಲಿಗೆ ಹಾಕಿಕೊಂಡರು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ನಾಡಿಗೆ ನಾಡೇ ಉಮೇಶರಿಗೆ ಸಾಂತ್ವನ ಹೇಳಿತು. ನಮ್ಮ ದೊಡ್ಡಮ್ಮನಂಥವರಿಗೆ ಸಾಕ್ಷಿಯಾಗಿ ಇರುವುದು ಬರೀ ನೆರೆಹೊರೆ. ಅದೂ ಒಂದೊಂದಾಗಿ ಉದುರಿಹೋಗುತ್ತದೆ.

ದೊಡ್ಡಮ್ಮನ ತಿಥಿ ಕಳೆದ ಮೇಲೆ ಅವನು ಪೌತಿ ಖಾತೆಗೆ ಅರ್ಜಿ ಹಾಕಿದ. ವಂಶವೃಕ್ಷ ಬೇಕಾಯಿತು. ಮಹಜರಿಗೆ ಅಪ್ಪ, ಚಿಕ್ಕಪ್ಪ ಸಹಿ ಹಾಕಲಿಲ್ಲ, ತಕರಾರು ಅರ್ಜಿ ಕೊಟ್ಟರು. ಕಂದಾಯ ಕಚೇರಿಯವರು ಎಂದಿನಂತೆ ಸಿವಿಲ್ ನ್ಯಾಯಾಲಯದ ಕಡೆ ಕೈತೋರಿದರು. 2021ರಲ್ಲಿ ದಾವೆ ದಾಖಲಾಯಿತು. ಅದರಲ್ಲೊಂದು ಜಾಣತನವಿತ್ತು. ದತ್ತಕ ಅಸಿಂಧುವೆಂದು ಘೋಷಿಸಬೇಕೆಂದು ಕೇಳಿದರೆ, ದತ್ತಕದ ಸಂಗತಿ ತಿಳಿದ ದಿನದಿಂದ 3 ವರ್ಷದೊಳಗೆ ಕೇಳಬೇಕೆಂದು ಕಾಲಮಿತಿ ಕಾಯ್ದೆಯ 57ನೇ ಅನುಚ್ಛೇದ ಹೇಳುತ್ತದೆ. ಅಪ್ಪನಿಗೆ ತಿಳಿದದ್ದು 1986ರಲ್ಲಿ. ಆದ್ದರಿಂದ ದಾವೆಯಲ್ಲಿ ಘೋಷಣೆಯನ್ನು ಕೇಳಲೇ ಇಲ್ಲ. ದತ್ತಕ ಎಂಬುದೇ ನಡೆದಿಲ್ಲ, ಮೃತಳ ಗಂಡನ ವಾರಸುದಾರರಾದ ನಮಗೆ ವಿಭಾಗ ಮಾಡಿ ಸ್ವಾಧೀನ ಕೊಡಿಸಿ ಎಂದಷ್ಟೇ ಬರೆದರು. ವಕೀಲರನ್ನು ದೂರಲಾರೆ, ಪರೀಕ್ಷೆಯಲ್ಲಿ ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಒಳ್ಳೆಯ ಅಂಕ ಕೊಡುತ್ತಿದ್ದೆ.

ದತ್ತಕ ನಡೆದಿಲ್ಲ ಎಂಬ ವಾಕ್ಯವನ್ನು ಓದಿದಾಗ ನನಗೆ ಆದದ್ದನ್ನು ಹೇಗೆ ಹೇಳಲಿ? ನಾನು ಅಲ್ಲಿದ್ದೆ. ಆ ಮಧ್ಯಾಹ್ನದ ಒಬ್ಬಟ್ಟು ತಿಂದಿದ್ದೆ.

ದೊಡ್ಡಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ದೊಡ್ಡಪ್ಪ ಹೊಸ ಪಂಚೆಯಲ್ಲಿ. ಹುಡುಗನ ತಂದೆ ಆ ಹೊತ್ತಿಗೆ ತೀರಿಹೋಗಿ ಎರಡು ವರ್ಷವಾಗಿತ್ತು. ಹುಡುಗನನ್ನು ಎತ್ತಿ ದೊಡ್ಡಮ್ಮನ ಮಡಿಲಲ್ಲಿ ಕೂರಿಸಿದ್ದು ಅವನ ಸೋದರಮಾವ. 11 ವರ್ಷದ ಹುಡುಗ, ಕಾಲುಗಳು ಚಾಪೆಯಿಂದಾಚೆ ಚಾಚಿದ್ದವು, ಎಲ್ಲರೂ ನಕ್ಕರು. ಅವನ ತಾಯಿ ಅಡುಗೆಮನೆಯ ಬಾಗಿಲವಾಡಕ್ಕೆ ಒರಗಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಅಕ್ಷತೆ ಹಾಕಿದರು. ಅವನು ಮೊದಲಿನಿಂದಲೂ ದೊಡ್ಡಮ್ಮನನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದ, ತಾಯಿಯ ಅಕ್ಕನಲ್ಲವೇ. ನನಗೂ ಅವರು ದೊಡ್ಡಮ್ಮ, ತಂದೆಯ ಅಣ್ಣನ ಹೆಂಡತಿ. ಸಂಜೆ ಅವನು ಅಭ್ಯಾಸಬಲದಿಂದ 'ದೊಡ್ಡಮ್ಮಾ, ನೀರು' ಎಂದಾಗ ನಮ್ಮಜ್ಜಿ ಅವನ ತೋಳು ಚಿವುಟಿ, 'ಅವ್ವ ಅನ್ನೋ' ಎಂದಿದ್ದರು.

ಇಷ್ಟರಿಂದ ದತ್ತಕ ನಿಲ್ಲುವುದೇ? ಸೋದರಮಾವನಿಗೆ ಕೊಡುವ ಅಧಿಕಾರವಿಲ್ಲ. ಆದರೆ ತಾಯಿ ಮನಸ್ಸು ಮಾಡಿ ಕೊಟ್ಟಿದ್ದರೆ, ಎತ್ತಿ ಕೂರಿಸುವ ಕೆಲಸವನ್ನು ಅವಳ ಪರವಾಗಿ ಇನ್ನೊಬ್ಬರು ಮಾಡಬಹುದು. ನಿರ್ಧಾರ ಅವಳದಾಗಿರಬೇಕು, ಕೈ ಯಾರದಾದರೂ ಆದೀತು. ಹಾಗಾದರೆ ಬಾಗಿಲವಾಡಕ್ಕೆ ಒರಗಿ ನಿಂತವಳು ಕೊಟ್ಟಳೇ, ಇಲ್ಲ ಅಣ್ಣನ ಮಾತಿಗೆ ಎದುರಾಡಲಾರದೆ ಸುಮ್ಮನಿದ್ದಳೇ? ಅವಳೂ ಈಗಿಲ್ಲ, ಸೋದರಮಾವನೂ ಇಲ್ಲ. ನನಗೆ ನೆನಪಿರುವುದು ಇನ್ನೊಂದು ಗಳಿಗೆ. ಊಟವಾದ ಮೇಲೆ ಅವಳು ಒಂದು ಬಟ್ಟೆಯ ಗಂಟನ್ನು, ಅವನ ಎರಡು ಜೊತೆ ಅಂಗಿ ಚಡ್ಡಿ ಇದ್ದ ಗಂಟನ್ನು, ದೊಡ್ಡಮ್ಮನ ಕೈಗಿಟ್ಟು 'ಇನ್ನು ನಿಂದೇ ಕಣಕ್ಕಾ' ಎಂದಳು. ದೊಡ್ಡಮ್ಮ ಗಂಟನ್ನು ಕಣ್ಣಿಗೊತ್ತಿಕೊಂಡರು.

ಈ ಗಳಿಗೆಯನ್ನು ಬಲ್ಲವಳು ಈಗ ನಾನೊಬ್ಬಳೇ. ತೊಂದರೆಯಿರುವುದೂ ಇಲ್ಲಿಯೇ. ತಾಯಿಯ ಇಂಥದೊಂದು ಮಾತಿದ್ದರೆ ದತ್ತಕ ಉಳಿಯುತ್ತದೆ ಎಂದು ಇಪ್ಪತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತು ಹೇಳಿದವಳು ನಾನು. 12ರ ಹುಡುಗಿ ಕೇಳಿದ ಮಾತೇ ಇದು, ಅಥವಾ 9ನೇ ಕಲಮನ್ನು ಬಲ್ಲ ಅಧ್ಯಾಪಕಿ ಆ ಬಾಗಿಲವಾಡದ ಮೌನಕ್ಕೆ ಆಮೇಲೆ ಜೋಡಿಸಿದ್ದೇ? ಗಂಟು ಖಂಡಿತ ಇತ್ತು, ಅದರ ನೀಲಿ ಗೆರೆಗಳು ಕಣ್ಣಿಗೆ ಕಟ್ಟಿವೆ. ಮಾತನ್ನು ಮಾತ್ರ ಎಷ್ಟೋ ರಾತ್ರಿ ಹೊರಳಾಡಿ ಪರೀಕ್ಷಿಸಿದ್ದೇನೆ.

ಅವನ ವಕೀಲರು ನನ್ನನ್ನು ಸಾಕ್ಷಿಗೆ ಕರೆಸುತ್ತಾರೆಂದು ಗೊತ್ತಾದಾಗ ಅಪ್ಪ ಬೆಂಗಳೂರಿನ ನನ್ನ ಮನೆಗೆ ಬಂದರು. ಸುಳ್ಳು ಹೇಳೆನ್ನಲಿಲ್ಲ. 'ನೀನು ಆಗ ಎಳೇ ಹುಡ್ಗಿ ಕಣವ್ವ. ಸರಿಯಾಗಿ ನೆಪ್ಪಿಲ್ಲ ಅಂದ್ರೆ ತಪ್ಪೇನೈತೆ?' ಎಂದರು. ಆ ಮಾತು ಅವರು ತಿಳಿದಿದ್ದಕ್ಕಿಂತ ಹೆಚ್ಚು ನನ್ನ ಸಂದೇಹಕ್ಕೆ ಹತ್ತಿರವಾಗಿತ್ತು. ಅದಕ್ಕೇ ಅದು ಅಪಾಯಕಾರಿಯಾಗಿಯೂ ಇತ್ತು. ಅವನು ಒಂದು ಸಲವೂ ಫೋನ್ ಮಾಡಲಿಲ್ಲ. ಸಮನ್ಸ್ ಬಂದ ದಿನ ಮಾತ್ರ, 'ಅಕ್ಕ, ತೊಂದ್ರೆ ಕೊಡ್ತಿದೀನಿ' ಎಂಬ ಸಂದೇಶ ಬಂತು.

ನ್ಯಾಯಾಲಯದಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮಡಿಲು, ಸೋದರಮಾವ, ಬಾಗಿಲವಾಡ, ಗಂಟು. ಸಂಜೆ ಅವನು ದೊಡ್ಡಮ್ಮ ಎಂದೇ ಕರೆದದ್ದನ್ನೂ ಹೇಳಿದೆ. ಅವನ ವಕೀಲರ ಮುಖ ಸಪ್ಪಗಾಯಿತು. ಪಾಟೀಸವಾಲಿನಲ್ಲಿ ಅಪ್ಪನ ವಕೀಲರು ಕೇಳಿದರು: ತಾವು ದತ್ತಕ ಕಾನೂನನ್ನು ಪಾಠ ಮಾಡುತ್ತೀರಲ್ಲವೇ? ಹೌದು. ತಾಯಿಯ ಒಪ್ಪಿಗೆ ತೋರಿಸದಿದ್ದರೆ ದತ್ತಕ ನಿಲ್ಲದು ಎಂಬುದು ತಮಗೆ ಗೊತ್ತಿತ್ತಲ್ಲವೇ? ಗೊತ್ತಿತ್ತು. ಹಾಗಾಗಿ ಆ ಮಾತನ್ನು ಸೃಷ್ಟಿಸಿ ಹೇಳುತ್ತಿದ್ದೀರಿ ಎಂದರೆ? ಅಲ್ಲ ಎಂದೆ. ಗಂಟನ್ನು ಕೊಟ್ಟದ್ದರ ಬಗ್ಗೆ ನನಗೆ ಸಂದೇಹವಿಲ್ಲ, ಮಾತಿನ ಪದಗಳು ಅವೇ ಎಂದು ಆಣೆ ಮಾಡಲಾರೆ, ಅರ್ಥ ಅದೇ ಇತ್ತು ಎಂದೆ. ನ್ಯಾಯಾಧೀಶರು ಒಂದು ಕ್ಷಣ ತಲೆಯೆತ್ತಿ ನೋಡಿ, ಅದನ್ನು ಹಾಗೆಯೇ ಬರೆಸಿದರು. ಅಪ್ಪ ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಹೊರಗೆ ಬಂದಾಗ ಮಧ್ಯಾಹ್ನ ಎರಡಾಗಿತ್ತು. ಬೈಯುತ್ತಾರೆಂದುಕೊಂಡೆ. 'ಏನಾದ್ರೂ ತಿಂದ್ಯಾ?' ಎಂದರು. ನ್ಯಾಯಾಲಯದೆದುರಿನ ಹೋಟೆಲಿನಲ್ಲಿ ಇಬ್ಬರೂ ಮಾತಿಲ್ಲದೆ ಇಡ್ಲಿ ತಿಂದೆವು. ಆ ದಾವೆಯ ಬಗ್ಗೆ ಅವರು ನನ್ನೊಡನೆ ಮತ್ತೆ ಮಾತಾಡಲಿಲ್ಲ, ಹಿಂತೆಗೆದುಕೊಳ್ಳಲೂ ಇಲ್ಲ.

2024ರಲ್ಲಿ ಅಪ್ಪ ತೀರಿಕೊಂಡರು. ಅವನು ಬಂದು ಹೆಗಲು ಕೊಟ್ಟ, ಚಿಕ್ಕಪ್ಪ ಬೇಡವೆನ್ನಲಿಲ್ಲ. ವಾದಿ ಸತ್ತರೆ ದಾವೆ ಸಾಯುವುದಿಲ್ಲ, ಅವನ ವಾರಸುದಾರರು ಅವನ ಜಾಗಕ್ಕೆ ಬರಬೇಕು. ಅಂದರೆ ಅಮ್ಮ, ಅಣ್ಣ, ನಾನು. ಯಾರ ವಿರುದ್ಧ ಸಾಕ್ಷಿ ಹೇಳಿದ್ದೆನೋ ಆ ವಾದಿಯೇ ಈಗ ನಾನಾಗಬೇಕಿತ್ತು. ಅಣ್ಣ ವಕಾಲತ್ತಿನ ಕಾಗದ ಕಳಿಸಿದ. ಸಹಿ ಹಾಕದೆ ಹಿಂದಿರುಗಿಸಿದೆ. ವಾದಿಯಾಗಲು ಒಪ್ಪದ ವಾರಸುದಾರರನ್ನು ಪ್ರತಿವಾದಿಯಾಗಿ ಸೇರಿಸಲು ಅವಕಾಶವಿದೆ. ಅಣ್ಣನ ವಕೀಲರು ಹಾಗೆಯೇ ಅರ್ಜಿ ಹಾಕಿದ್ದಾರೆ. ಅದು ಮಂಜೂರಾದರೆ ಅವನು ಒಂದನೇ ಪ್ರತಿವಾದಿ, ನಾನು ಎರಡನೆಯವಳು.